ಮುಂದಿನ ಕೂಟ: ಸ್ಕ್ರಿಯಾಬಿನ್ ಎಟ್ಯೂಡ್‌ಗಳು

ಗೆಳೆಯರೇ, ಮುಂದಿನ ತಿಂಗಳ ಕೂಟಕ್ಕೆ ರಷ್ಯದ ಸಂಗೀತ ರಚನಕಾರ ಅಲೆಕ್ಸಾಂಡರ್ ಸ್ಕ್ರಿಯಾಬಿನ್‌ನ ಪಿಯಾನೊ ಎಟ್ಯೂಡ್‌ಗಳೇ (ನುಡಿಸುವ ಕೌಶಲದ ಅಭ್ಯಾಸಕ್ಕೆಂದು ರಚಿಸಿದ ಚಿಕ್ಕ ಕೃತಿಗಳು) ಎಂದು ನಿರ್ಧಾರವಾಗಿದೆ. ಯಾವುದರಿಂದ ಆರಂಭಿಸಲಿ ಎಂದು ಹಲವರು ಕೇಳಿದ್ದರಿಂದ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ಹೊಸಬರು ಓಪಸ್ (ಕೃತಿಸಂಖ್ಯೆ) 2ರ ಮೊದಲನೆಯದನ್ನು, ಅಂದರೆ ಸಿ ಶಾರ್ಪ್ ಮೈನರ್ ಸ್ವರಶ್ರೇಣಿಯ ಎಟ್ಯೂಡನ್ನು ಆರಿಸಿಕೊಳ್ಳಿ. 1887ರಲ್ಲಿ, ಹದಿನೈದರ ಹುಡುಗನಾಗಿದ್ದಾಗ ಬರೆದದ್ದು. ವೇಗದ ಗೊಡವೆಯಿಲ್ಲ. ಆದರೆ ತುಂಬಿದ ಸ್ವರಗುಚ್ಛಗಳ ಮೇಲೆ ರಾಗದ ಎಳೆ ಕಡಿಯಬಾರದು, ಕಿರುಬೆರಳು ಹಾಡಬೇಕು.

ನನ್ನ ಜೀವವಿರುವುದು ಓಪಸ್ 8ರ ಹನ್ನೆರಡನೆಯದರಲ್ಲಿ, ಡಿ ಶಾರ್ಪ್ ಮೈನರ್. ಬಲಗೈಯ ಆಕ್ಟೇವ್‌ಗಳನ್ನು (ಎಂಟು ಸ್ವರಗಳ ಅಂತರದ ಜೋಡಿಸ್ವರಗಳು) ಕಂಡು ಎಲ್ಲರೂ ಹೆದರುತ್ತಾರೆ, ನಿಜವಾದ ಕಷ್ಟ ಎಡಗೈಯದು. ತಳದ ಸ್ವರ ಮುಟ್ಟಿ ಮೇಲಕ್ಕೆ ನೆಗೆದು, ಮರುಕ್ಷಣವೇ ಕೆಳಗಿಳಿಯಬೇಕು. ಎರಡು ವಾರ ಎಡಗೈಯನ್ನಷ್ಟೇ, ಕೀಲಿಮಣೆ ನೋಡದೆ, ಅರ್ಧ ವೇಗದಲ್ಲಿ ನುಡಿಸಿದ ಮೇಲೆಯೇ ನನಗೆ ಅದು ಒಲಿಯಿತು. ಮಣಿಕಟ್ಟು ನೋಯತೊಡಗಿದರೆ ದಯವಿಟ್ಟು ತಕ್ಷಣ ನಿಲ್ಲಿಸಿ. ಸ್ವತಃ ಸ್ಕ್ರಿಯಾಬಿನ್ ಯೌವನದಲ್ಲಿ ಅತಿಯಾದ ಅಭ್ಯಾಸದಿಂದ ಬಲಗೈಯನ್ನು ಕೆಡಿಸಿಕೊಂಡಿದ್ದ.

ಈ ಎರಡನ್ನೂ ಪಿಯಾನೊ ವಾದಕ ಹೊರೊವಿಟ್ಜ್ 1986ರಲ್ಲಿ ಮಾಸ್ಕೋದಲ್ಲಿ ನುಡಿಸಿದ ಧ್ವನಿಮುದ್ರಣವನ್ನು ಅಭ್ಯಾಸಕ್ಕೆ ಮೊದಲೇ ಕೇಳಿ.

ಓಪಸ್ 42ರ ಐದನೆಯದು ಇನ್ನೂ ಕಠಿಣ; ಓಪಸ್ 8ರ ಹನ್ನೆರಡನೆಯದು ಕೈಗೆ ಕುಳಿತವರು ಮಾತ್ರ ಅದಕ್ಕೆ ಕೈ ಹಾಕಲಿ. 1912ರ ಓಪಸ್ 65ರಲ್ಲಿ ಮೂರೇ ಎಟ್ಯೂಡ್‌ಗಳಿವೆ. ಮೊದಲನೆಯದರ ತುಂಬ ಒಂಬತ್ತನೆಯ ಸ್ವರದ ಅಂತರ (ಆಕ್ಟೇವ್‌ಗಿಂತಲೂ ಅಗಲ), ಚಿಕ್ಕ ಕೈಯವರು ಅದನ್ನು ಬಿಟ್ಟುಬಿಡಿ.

ಯಾರು ಯಾವುದನ್ನು ನುಡಿಸುತ್ತೀರಿ ಎಂದು ಗುರುವಾರದೊಳಗೆ ಇಲ್ಲಿಯೇ ಬರೆಯಿರಿ.