ಈ ಪುಸ್ತಕಕ್ಕೆ ಕೈ ಹಚ್ಚಿದವರಿಗೆಲ್ಲ

ಶರಾವತಿ ಹಿನ್ನೀರಿನ ನಮ್ಮ ಚಿತ್ರಕಾದಂಬರಿ ಕೊನೆಗೂ ಅಚ್ಚಾಗಿ ಬಂದಿದೆ. ರಕ್ಷಾಪುಟದ ಮೇಲೆ ಆರು ಜನರ ಹೆಸರಿದೆ, ಅಕಾರಾದಿಯಾಗಿ, ಒಂದೇ ಅಳತೆಯ ಅಕ್ಷರದಲ್ಲಿ. ಯಾರು ಏನು ಮಾಡಿದರು ಅನ್ನುವುದು ಅಲ್ಲಿ ಇಲ್ಲ. ಅದನ್ನು ಹೇಳಲೆಂದೇ ಈ ಬರಹ. ಹೆಸರುಗಳನ್ನು ಪುಸ್ತಕದಲ್ಲೇ ನೋಡಿಕೊಳ್ಳಿ, ಇಲ್ಲಿ ಅವರ ಕೆಲಸದ ಮಾತಾಡುತ್ತೇನೆ.

ಕತೆಯ ಹಿನ್ನೆಲೆ ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರಿಗೆ ಊರೇ ಎದ್ದು ಹೋಗಬೇಕಾಯಿತು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಮತ್ತೆ ಮೇಲೆ ಕಾಣಿಸುತ್ತದೆ, ನೋಡಲು ಜನ ಹೋಗುತ್ತಾರೆ. ಸಾಗರದ ಕಡೆಯ ಒಂದು ದೀವರ ಸಮುದಾಯದ ಮನೆಯವರು ಊರು ಬಿಡುವ ಮುಂಚಿನ ಕೆಲವು ದಿನಗಳನ್ನು ನಾನು ಸಣ್ಣಕತೆಯಾಗಿ ಬರೆದಿಟ್ಟುಕೊಂಡಿದ್ದೆ. ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಬಂದಿದ್ದ ಧಾರವಾಡದ ಚಿತ್ರಕಾರರೊಬ್ಬರು ಅದನ್ನು ಓದಿ, "ಅಕ್ಕಾರ, ಇದನ್ನ ನಾನು ಚಿತ್ರದಾಗ ಮಾಡ್ತೇನ್ರಿ" ಅಂದರು. ಎಲ್ಲ ಶುರುವಾಗಿದ್ದು ಅಲ್ಲಿಂದ.

ಮೊದಲ ಕೃತಜ್ಞತೆ ಅವರಿಗೆ. ನಾನು ಬರೆದುಕೊಟ್ಟ ಸ್ಕ್ರಿಪ್ಟಿನಲ್ಲಿ ಅಜ್ಜಿ ಮನೆ ಬಿಡುವ ಸಂದರ್ಭಕ್ಕೆ ಒಂದಿಡೀ ಪುಟದ ಸಂಭಾಷಣೆಯಿತ್ತು. ಅಜ್ಜಿ ಮಗನಿಗೆ ಹೇಳುತ್ತಾಳೆ, ಮಗ ಸಮಾಧಾನ ಮಾಡುತ್ತಾನೆ, ಸೊಸೆ ಅಳುತ್ತಾಳೆ. ಅವರು ಪೆನ್ಸಿಲ್ ಕರಡು ಕಳಿಸಿದಾಗ ಮಾತು ತುಂಬುವ ಬಲೂನುಗಳೇ ಇರಲಿಲ್ಲ. "ಇಲ್ಲಿ ಮಾತು ಬ್ಯಾಡ್ರಿ ಅಕ್ಕಾರ, ಅಜ್ಜಿ ಕೈ ಅಷ್ಟ ತೋರಸ್ತೇನಿ." ಆರು ಚೌಕಟ್ಟು. ಒಲೆಯ ಬೂದಿ ಬಳಿಯುವ ಕೈ, ಕದದ ಚಿಲಕ ಹಾಕುವ ಕೈ, ಹಾಕಿದ್ದನ್ನು ಮತ್ತೆ ತೆಗೆಯುವ ಕೈ. ಮುಳುಗುವ ಮನೆಗೆ ಚಿಲಕ ಯಾಕೆ ಅಂತ ಅಜ್ಜಿಗೆ ಹೊಳೆದದ್ದು ಆ ಎರಡು ಚೌಕಟ್ಟಿನ ನಡುವಿನ ಖಾಲಿ ಜಾಗದಲ್ಲಿ. ಅಂಥದ್ದನ್ನು ಗದ್ಯದಲ್ಲಿ ಬರೆಯಹೊರಟರೆ ಒಂದು ವಾಕ್ಯವಾದರೂ ಬೇಕಾಗುತ್ತದೆ, ಆ ವಾಕ್ಯ ಬಂದ ಕೂಡಲೇ ಅದರ ಬಿಸಿ ಆರಿಹೋಗುತ್ತದೆ. ಕತೆಗಾರರು ಒಮ್ಮೆಯಾದರೂ ಒಳ್ಳೆಯ ಚಿತ್ರಕಾರರ ಜೊತೆ ಕೂತು ಕೆಲಸ ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸಿದ್ದು ಆ ಪುಟ ನೋಡಿದಾಗ.

ಇನ್ನು ಅಕ್ಕ. ಸಾಗರದ ಹತ್ತಿರದ ಹಳ್ಳಿಯವರು, ಹಸೆ ಚಿತ್ತಾರ ಬರೆಯುವವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚ ಪುಂಡಿನಾರಿನದು. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿ. ಗೋಡೆಯನ್ನು ಸರಿಯಾಗಿ ಬರೆಯಬೇಕು ಅನ್ನುವ ಕಾರಣಕ್ಕೆ ಅವರನ್ನು ನೋಡಲು ಹೋಗಿದ್ದೆವು. ಚಿತ್ರಕಾರರು ತಮ್ಮ ಕರಡುಗಳನ್ನು ಜಗಲಿಯ ಮೇಲೆ ಹರವಿದರು. ಅಕ್ಕ ಒಂದೊಂದನ್ನೇ ಎತ್ತಿ ನೋಡಿ, ಗೋಡೆಯಿದ್ದ ಪುಟಗಳನ್ನು ಬೇರೆ ಇಟ್ಟರು. ಎಳೆಗಳ ಲೆಕ್ಕ ತಪ್ಪಿದ್ದ ಕಡೆ ಉಗುರಿನಿಂದ ಗೀರಿ ತೋರಿಸಿದರು. ಆಮೇಲೆ ತಮ್ಮ ಅತ್ತೆಯ ಮಾತು ಬಂತು. "ಹಂಚು ಇಳಿಸ್ಕಂಡು ಬಂದ್ರು, ತೊಲೆ ಬಿಚ್ಕಂಡು ಬಂದ್ರು. ಗೋಡೆ ತರಕ್ಕಾಗ್ತದಾ?"

ನಮ್ಮ ಪುಸ್ತಕ ಆ ಮಾತಿನ ಸುತ್ತ ಮತ್ತೆ ಕಟ್ಟಿಕೊಂಡಿತು. ಅಲ್ಲಿಯವರೆಗೆ ಕತೆ ಊರು ಬಿಟ್ಟವರದ್ದಾಗಿತ್ತು, ಆಮೇಲೆ ಊರಲ್ಲೇ ಉಳಿದ ಗೋಡೆಯದ್ದೂ ಆಯಿತು. ಕೊನೆಯ ಅಧ್ಯಾಯದಲ್ಲಿ ನೀರು ಏರುತ್ತ ಚಿತ್ತಾರದ ಒಂದೊಂದೇ ಸಾಲು ಮುಳುಗುವ ಪುಟಗಳಿವೆಯಲ್ಲ, ಅವುಗಳ ಗೋಡೆಯನ್ನು ಅಕ್ಕನೇ ಬರೆದದ್ದು. ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಬರೆದರು, ನಾವು ಫೋಟೋ ತೆಗೆದು ಪುಟಕ್ಕೆ ಕೂಡಿಸಿದೆವು. ಇಡೀ ಪುಸ್ತಕದ ಚೌಕಟ್ಟಿನ ಗೆರೆಗಳೂ ಅವರ ಕೈಯವೇ. ಸ್ಕೇಲ್ ಹಿಡಿದು ಎಳೆದ ಗೆರೆ ಒಂದೂ ಇಲ್ಲ. ಊರು ಬಿಡುವ ದಿನ ಹತ್ತಿರ ಬಂದ ಹಾಗೆ ಚೌಕಟ್ಟಿನ ಎಳೆ ಕಡಿಮೆಯಾಗುತ್ತ ಹೋಗುವುದು ಅವರು ಕೊಟ್ಟ ಸಲಹೆ.

ಇಲ್ಲೊಂದು ಮಾತು ಹೇಳಲೇಬೇಕು. ಜನಪದ ಕಲಾವಿದೆಯರ ಕೆಲಸವನ್ನು ಬಳಸಿಕೊಂಡು, ಒಳಗಿನ ಪುಟದಲ್ಲೆಲ್ಲೋ ಪ್ರೇರಣೆ ಅಂತ ಒಂದು ಸಾಲು ಹಾಕಿ ಮುಗಿಸುವುದು ನಮ್ಮಲ್ಲಿ ನಡೆದುಬಂದಿದೆ. ಅಕ್ಕ ಈ ಪುಸ್ತಕದ ಕರ್ತೃಗಳಲ್ಲಿ ಒಬ್ಬರು. ರಾಯಧನ ಆರು ಸಮಪಾಲು. ಅದಕ್ಕೆ ಒಂದು ಮಾತೂ ಎದುರಾಡದೆ ಒಪ್ಪಿದ ಉಳಿದವರಿಗೂ ನಾನು ಋಣಿ.

ಬಣ್ಣದ ಕೆಲಸ ಮಂಗಳೂರಿನ ತಂಗಿಯದು. ಚಿತ್ತಾರದ ಆ ನಾಲ್ಕು ಬಣ್ಣ ಬಿಟ್ಟು ಬೇರೆ ಬೇಡ ಅಂತ ಮೊದಲೇ ಹೇಳಿದವಳು ಅವಳು. ನೀರನ್ನೂ ನೀಲಿ ಮಾಡಲು ಬಿಡಲಿಲ್ಲ. ನಮ್ಮ ಪುಸ್ತಕದಲ್ಲಿ ಹಿನ್ನೀರು ಕಪ್ಪು, ಮಳೆ ಬಿಳಿ. ಕಂಪ್ಯೂಟರಿನ ಪರದೆಯ ಮೇಲೆ ಉರಿಯುವ ಕೆಂಪು ಕಾಗದಕ್ಕಿಳಿದರೆ ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಅಚ್ಚಿನ ನಾಲ್ಕು ಶಾಯಿಗಳಲ್ಲಿ ಕೆಮ್ಮಣ್ಣಿನ ಕೆಂಪು ಸುಲಭಕ್ಕೆ ಸಿಗುವುದಿಲ್ಲ. ಅವಳು ಸಾಗರದಿಂದ ಒಂದು ಡಬ್ಬಿಯಲ್ಲಿ ಮಣ್ಣು ತರಿಸಿಕೊಂಡು, ಪ್ರೆಸ್ಸಿನಲ್ಲಿ ಪ್ರೂಫ್ ಹಾಳೆಯ ಪಕ್ಕ ಇಟ್ಟು, ಹಳದಿ ಇಷ್ಟು ಏರಿಸಿ, ಕಪ್ಪು ಇಷ್ಟು ಇಳಿಸಿ ಅಂತ ಹೇಳುತ್ತ ನಿಂತಳು. ಅವಳ ಹಟಕ್ಕೆ ಬೇಸರಿಸದೆ ಮತ್ತೆ ಮತ್ತೆ ಹಾಳೆ ತೆಗೆದುಕೊಟ್ಟ ಪ್ರೆಸ್ಸಿನ ಅಣ್ಣಂದಿರಿಗೆ ನಮಸ್ಕಾರ.

ಅಕ್ಷರ ಕೂರಿಸಿದವರು ಮೈಸೂರಿನವರು. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಚೆನ್ನಾಗಿ ಆಗಿದ್ದರೆ ಬೀಳಲೂಬಾರದು. ಇಂಗ್ಲಿಷ್ ಕಾಮಿಕ್ಸಿನಲ್ಲಿ ಹೆಚ್ಚಾಗಿ ದೊಡ್ಡಕ್ಷರಗಳೇ, ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಜಾಗ ಬಿಟ್ಟರೆ ಬಲೂನು ಉಬ್ಬಿ ಚಿತ್ರವನ್ನು ನುಂಗುತ್ತದೆ. ಹಾಗಾಗಿ ಅವರು ಮೊದಲ ಕರಡಿನಿಂದಲೇ ನಮ್ಮ ಜೊತೆ ಕೂತರು. ಚಿತ್ರ ಮುಗಿದ ಮೇಲೆ ಅಕ್ಷರ ತುಂಬುವ ರೂಢಿಯನ್ನು ಬಿಟ್ಟು, ಬಲೂನಿಗೆ ಜಾಗ ಗುರುತಿಸಿದ ಮೇಲೆ ಚಿತ್ರ ಬರೆಯುವ ಕ್ರಮ ತಂದರು. ಫಾಂಟ್ ಬಳಸದೆ ಇಡೀ ಪುಸ್ತಕವನ್ನು ಕೈಯಲ್ಲೇ ಬರೆದರು. ಅಜ್ಜಿಯ ಮಾತು ಸಣ್ಣದಾಗಿ ನಡುಗುವುದನ್ನು, ಸರ್ವೆ ಮಾಡಲು ಬಂದ ಅಧಿಕಾರಿಯ ಮಾತು ನೆಟ್ಟಗೆ ನಿಲ್ಲುವುದನ್ನು ಓದುವಾಗ ಗಮನಿಸಿ.

ಲಾಂಚಿನ ಅಧ್ಯಾಯ ನನ್ನದಲ್ಲ, ನನ್ನ ಜೊತೆ ಬರೆದ ಕತೆಗಾರ ಗೆಳೆಯರದು. ಸಿಗಂದೂರಿಗೆ ಹೋಗುವವರೆಲ್ಲ ಲಾಂಚು ಕಾಯುತ್ತ ನಿಂತ ದಡ, ಬಸ್ಸೂ ಕಾರೂ ಜನರೂ ಒಟ್ಟಿಗೆ ಹತ್ತಿ ನೀರು ದಾಟುತ್ತಿದ್ದ ರೀತಿ, ಅವರು ಚಿಕ್ಕಂದಿನಿಂದ ಕಂಡದ್ದು. ನಾವು ಆ ಅಧ್ಯಾಯದಲ್ಲಿದ್ದಾಗಲೇ, 2025ರ ಜುಲೈನಲ್ಲಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಹಿನ್ನೀರು ಸುತ್ತುವರಿದು ದ್ವೀಪದಂತಾದ ಸಿಗಂದೂರು ಕಡೆಯ ಜನ ದಶಕಗಳಿಂದ ಕೇಳುತ್ತಿದ್ದ ಸೇತುವೆ, ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಲ್ಲದೆ ಕಂಗಾಲಾಗುತ್ತಿದ್ದವರ ಸೇತುವೆ. ಗೆಳೆಯರು ಬರೆದ ಅಧ್ಯಾಯವನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದರು. ಮೊದಲಿನದರಲ್ಲಿ ಲಾಂಚಿನ ಮೇಲಿನ ಪ್ರೀತಿ ಹೆಚ್ಚಿತ್ತು, ಈಗಿನದರಲ್ಲಿ ಸೇತುವೆ ಬಂದ ಸಂತೋಷಕ್ಕೂ ಜಾಗವಿದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಕಷ್ಟದ ದಿನಗಳೂ ಬಂದವು. ಒಪ್ಪಿಕೊಂಡಿದ್ದ ಪ್ರಕಾಶಕರು ಬಣ್ಣದ ಅಚ್ಚಿನ ಖರ್ಚು ನೋಡಿ ಹಿಂದೆ ಸರಿದರು. ಅದೇ ಹೊತ್ತಿಗೆ ಚಿತ್ರಕಾರರ ತಂದೆಗೆ ಪಾರ್ಶ್ವವಾಯು ಬಡಿಯಿತು. ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು ಮನುಷ್ಯರನ್ನಷ್ಟೇ ಬರೆದು ಕಳಿಸಿದರು. ಕಾಡು, ಗದ್ದೆ, ಮನೆ, ದನ ಎಲ್ಲವನ್ನೂ ಮಂಗಳೂರಿನ ತಂಗಿ ಅವರ ಗೆರೆಯ ಗುಣ ಕೆಡದಂತೆ ತುಂಬಿದಳು. ಯಾವ ಪುಟ ಯಾರದು ಅಂತ ಈಗ ನನಗೂ ಬೇರ್ಪಡಿಸಿ ಹೇಳಲಾಗದು. ತಂದೆಯವರು ಈಗ ಕೋಲೂರಿ ಓಡಾಡುತ್ತಿದ್ದಾರೆ, ದೇವರು ದೊಡ್ಡವನು. ಅಷ್ಟೂ ದಿನ ಆಸ್ಪತ್ರೆ, ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡು, ಗಂಡನ ಕೆಲಸ ನಿಲ್ಲದಂತೆ ಮಾಡಿದ ವೈನಿಯವರಿಗೆ ನಾವೆಲ್ಲ ಎಷ್ಟು ಹೇಳಿದರೂ ಸಾಲದು. ಅಚ್ಚಿನ ಖರ್ಚಿಗೆ ಪುಸ್ತಕ ನೋಡುವ ಮೊದಲೇ ದುಡ್ಡು ಕಳಿಸಿದವರು ನೀವು, ಇದನ್ನು ಓದುತ್ತಿರುವವರಲ್ಲೇ ಅನೇಕರು. ನಿಮ್ಮೆಲ್ಲರ ಹೆಸರು ಕೊನೆಯ ಪುಟಗಳಲ್ಲಿದೆ.

ಕನ್ನಡಕ್ಕೆ ಈ ಬಗೆಯ ಪುಸ್ತಕ ಹೊಸತು ಅಂತ ಕೆಲವರು ಹೊಗಳುತ್ತಿದ್ದಾರೆ. ಪ್ರೀತಿಯ ಮಾತು, ಆದರೆ ನಮ್ಮ ಹಿಂದೆ ದೊಡ್ಡ ಸಾಲೇ ಇದೆ. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು 1960ರ ದಶಕದಲ್ಲಿ ಬಂದದ್ದು ಬೆಂಗಳೂರಿನಿಂದ, ಕನ್ನಡದಲ್ಲಿ. ಅದನ್ನು ದೇಶಕ್ಕೆಲ್ಲ ಮುಟ್ಟಿಸಿದ ಅನಂತ ಪೈ ಕಾರ್ಕಳದವರು. ಮಕ್ಕಳ ಪತ್ರಿಕೆ ಬಾಲಮಂಗಳದ ಚಿತ್ರಕತೆಯ ನಾಯಕ ಡಿಂಗನಿಗಾಗಿ ಪುಸ್ತಕದಂಗಡಿಯ ಮುಂದೆ ಕಾದ ತಲೆಮಾರು ನಮ್ಮದು. ಚಂದಮಾಮದ ಚಿತ್ರಗಳ ಮೂಲೆಯಲ್ಲಿ ಶಂಕರ್, ಚಿತ್ರಾ ಎಂಬ ಸಣ್ಣ ಸಹಿಗಳಿರುತ್ತಿದ್ದವು. ಸಹಿ ಹಾಕಲೂ ಜಾಗ ಸಿಗದ ಎಷ್ಟೋ ಚಿತ್ರಕಾರರು ನಮ್ಮ ಪತ್ರಿಕೆಗಳಲ್ಲಿ ದುಡಿದು ಹೋದರು. ಪುಸ್ತಕದ ಅರ್ಪಣೆ ಅವರಿಗೆ.

ಬರುವ ಭೂಮಿ ಹುಣ್ಣಿಮೆಗೆ ನಾವು ಆರೂ ಜನ ಅಕ್ಕನ ಮನೆಯಲ್ಲಿರುತ್ತೇವೆ. ಹಿನ್ನೀರಿನಿಂದ ಎದ್ದು ಬಂದು ಶಿವಮೊಗ್ಗ, ಭದ್ರಾವತಿ ಕಡೆ ನೆಲೆ ನಿಂತ ಮನೆಯವರಿಗೆ ಅಂದು ಪುಸ್ತಕ ಉಚಿತ. ನಿಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಮುಳುಗಿದ ಮನೆಯ, ಗದ್ದೆಯ, ಮದುವೆಯ ಹಸೆಗೋಡೆಯ ಹಳೇ ಫೋಟೋ ಇದ್ದರೆ ದಯವಿಟ್ಟು ತನ್ನಿ. ಅಲ್ಲೇ ಪ್ರತಿ ಮಾಡಿಕೊಂಡು ನಿಮ್ಮದನ್ನು ನಿಮಗೇ ಕೊಡುತ್ತೇವೆ. ಮುಂದಿನ ಪುಸ್ತಕದ ಕೆಲಸ ಅದರಿಂದಲೇ ಶುರು. ಊಟಕ್ಕೆ ಎಷ್ಟು ಜನ ಅಂತ ಅಕ್ಕ ಈಗಲೇ ಕೇಳುತ್ತಿದ್ದಾರೆ, ಬರುವವರು ಮುಂಚೆಯೇ ತಿಳಿಸಿ.