ಗೆಳೆಯನಿಗೊಂದು ಪತ್ರ: ಸೂಕ್-ಹೀ ಬಚ್ಚಿಟ್ಟದ್ದು

ಗೆಳೆಯಾ,

ನೋಡು ನೋಡೆಂದು ನೀನು ಹೇಳಿ ಹೇಳಿ ಸೋತಿದ್ದ ಆ ಕೊರಿಯನ್ ಸಿನಿಮಾವನ್ನು, ‘ಎ ಬ್ರ್ಯಾಂಡ್ ನ್ಯೂ ಲೈಫ್’ ಅನ್ನು, ನೋಡಿ ಮುಗಿಸಿದೆ. ಅನಾಥಾಶ್ರಮದ ಕಥೆಯೆಂದರೆ ಕ್ರೂರ ಮೇಲ್ವಿಚಾರಕ, ನೀರುಗಂಜಿ ಮತ್ತು ಪಿಟೀಲಿನ ಸಂಗೀತವೇ ಇರುತ್ತದೆಂದು ಭಾವಿಸಿ ಮುಂದೂಡುತ್ತಲೇ ಬಂದಿದ್ದೆ. ನಾನು ಯಾರ ಕಣ್ಣೀರನ್ನೂ ಸುಲಭವಾಗಿ ನಂಬುವುದಿಲ್ಲವೆಂಬುದು ನಿನಗೆ ತಿಳಿದೇ ಇದೆ.

2009ರ ಈ ಚಿತ್ರದಲ್ಲಿ ಖಳರೇ ಇಲ್ಲ. ನಿರ್ದೇಶಕಿ ಊನಿ ಲೆಕೋಂಟ್ ಸ್ವತಃ ಸೋಲ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಫ್ರಾನ್ಸಿಗೆ ದತ್ತು ಹೋದವರಾದ್ದರಿಂದಲೋ ಏನೋ, ಯಾರನ್ನೂ ದೂರುವ ಆತುರ ಅವರಿಗಿಲ್ಲ. 1975ರ ಒಂದು ದಿನ ಒಂಬತ್ತು ವರ್ಷದ ಜಿನ್-ಹೀಗೆ ಅಪ್ಪ ಹೊಸ ಬಟ್ಟೆ ಕೊಡಿಸಿ, ಕೇಕು ಕೊಂಡು, ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುವ ಆಶ್ರಮಕ್ಕೆ ಕರೆತಂದು ಬಿಟ್ಟುಹೋಗುತ್ತಾನೆ. ಅವನ ಮುಖವನ್ನು ಕ್ಯಾಮೆರಾ ನಮಗೆ ಸರಿಯಾಗಿ ತೋರಿಸುವುದೇ ಇಲ್ಲ. ಅಪ್ಪ ಬಂದೇ ಬರುತ್ತಾನೆಂದು ಹಟ ಹಿಡಿದು ಕೂರುವ ಆ ಹುಡುಗಿಯಾಗಿ ಕಿಮ್ ಸೇ-ರಾನ್ ನಟಿಸಿರುವುದನ್ನು ನಟನೆಯೆನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವಳು ಅವಳಲ್ಲ, ಅವಳ ಗೆಳತಿ ಸೂಕ್-ಹೀ. ಅವಳು ಮೈನೆರೆದಿದ್ದಾಳೆ, ದೊಡ್ಡವಳಾದ ಹುಡುಗಿಯನ್ನು ಯಾರೂ ದತ್ತು ಪಡೆಯುವುದಿಲ್ಲವೆಂದು ಅದನ್ನು ಎಲ್ಲರಿಂದಲೂ ಮುಚ್ಚಿಟ್ಟು, ಇಂಗ್ಲಿಷ್ ಕಲಿಯುತ್ತ, ಬಂದವರೆದುರು ನಗುತ್ತ, ಕೊನೆಗೆ ಜಿನ್-ಹೀಯನ್ನು ಬಿಟ್ಟು ಅಮೆರಿಕಕ್ಕೆ ಹೊರಟೂಹೋಗುತ್ತಾಳೆ. ಮುಂದೆ 1985ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿದೇಶಕ್ಕೆ ದತ್ತು ಕಳುಹಿಸಿದ ದೇಶ ದಕ್ಷಿಣ ಕೊರಿಯಾ. ಅಲ್ಲಿ ಎಷ್ಟು ಸೂಕ್-ಹೀಯರು ತಮ್ಮ ಮೈಯನ್ನು ತಾವೇ ಬಚ್ಚಿಟ್ಟುಕೊಂಡಿದ್ದರೋ!

ಇದನ್ನು ನಿನಗೂ ಹೇಳಿರಲಿಲ್ಲ. ನಾನೂ ಹೆಂಡತಿಯೂ ಮಗುವನ್ನು ದತ್ತು ಪಡೆಯಲು, ದತ್ತಿನ ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದಲ್ಲಿ ನೋಂದಾಯಿಸಿಕೊಂಡಿದ್ದೇವೆ. ಎಂಥ ಮಗು ಬೇಕೆಂಬ ಪ್ರಶ್ನೆಗೆ ಚರ್ಚೆಯನ್ನೇ ಮಾಡದೆ ಎರಡು ವರ್ಷದೊಳಗಿನದು ಎಂದು ಗುರುತು ಹಾಕಿದವನು ನಾನು. ಚಿಕ್ಕ ಮಗುವಾದರೆ ಬೇಗ ಹೊಂದಿಕೊಳ್ಳುತ್ತದೆ ಎಂದು ಹೆಂಡತಿಗೆ ಹೇಳಿದೆ, ಅವಳೂ ಒಪ್ಪಿದಳು. ಸಿನಿಮಾ ನೋಡಿದ ರಾತ್ರಿ ನಿದ್ದೆ ಬಾರದೆ ಹೊರಳುತ್ತಿದ್ದಾಗ ತಿಳಿದದ್ದೇನೆಂದರೆ, ಹೊಂದಿಕೊಳ್ಳುವ ಮಾತು ಬರೀ ನೆಪವಾಗಿತ್ತು. ನನಗಿಂತ ಮೊದಲು ಯಾವ ಅಪ್ಪನನ್ನೂ ಕಂಡಿರದ, ಯಾರ ದಾರಿಯನ್ನೂ ಕಾದಿರದ ಮಗು ನನಗೆ ಬೇಕಾಗಿತ್ತು. ಕಾಯುವ ಮಗುವಿನ ಎದುರು ನಾನು ಎರಡನೆಯವನಾಗಿ ನಿಲ್ಲಲಾರೆ ಎಂಬ ಭಯ ಅದು. ಆ ಗುರುತನ್ನು ಬದಲಿಸುವ ಧೈರ್ಯ ಇನ್ನೂ ಬಂದಿಲ್ಲ.

ಸಾಕು, ನಿನ್ನ ಮುಖ ಗಂಭೀರವಾಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ತಮಾಷೆಯೆಂದರೆ, ಅಷ್ಟು ಚಿಕ್ಕ ಮಗು ಬೇಕಾದರೆ ಗಂಡಹೆಂಡಿರ ವಯಸ್ಸು ಕೂಡಿಸಿದಾಗ 85 ಮೀರಬಾರದೆಂಬ ನಿಯಮವಿದೆ. ನಮ್ಮ ಮೊತ್ತ ಅಂಚಿನಲ್ಲೇ ಇರುವುದರಿಂದ ನಾನು ಆ ವಾರವೇ ಮೀಸೆಗೆ ಬಣ್ಣ ಹಚ್ಚಿಕೊಂಡೆ. ಅರ್ಜಿಗೆ ಹುಟ್ಟಿದ ದಿನಾಂಕ ಸಾಕು, ಮೀಸೆಯನ್ನು ಯಾರೂ ಕೇಳಿಲ್ಲವೆಂದು ಹೆಂಡತಿ ಈಗಲೂ ನಗುತ್ತಾಳೆ. ಮುಂದಿನ ಸಿನಿಮಾವನ್ನು ಅವಳೇ ಆರಿಸಲಿ ಮಾರಾಯ, ನೀನು ಆರಿಸಿದರೆ ಊರಿಗೆಲ್ಲ ಕೇಳುವಂತೆ ನಾನು ಇನ್ನೇನು ಬಾಯಿಬಿಡುತ್ತೇನೋ ಹೇಳಲಾಗದು.

ನಿನ್ನ,
ಬಣ್ಣದ ಮೀಸೆಯ ಗೆಳೆಯ