ಆರ್ಬ್ರೋತ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ಎಡಿನ್‌ಬರಾದ ಕೆಲಸ ಮುಗಿಸಿ ಮೂರು ದಿನ ಎಲ್ಲಾದರೂ ಸಮುದ್ರದ ಬದಿಯಲ್ಲಿ ಸುಮ್ಮನೆ ಇರಬೇಕು, ಮೀನು ಚೆನ್ನಾಗಿರಬೇಕು, ಕಾರಿನ ಗೊಡವೆ ಬೇಡ ಅಂತ ಬರೆದಿದ್ದೀಯ. ಹಾಗಿದ್ದರೆ ಸೇಂಟ್ ಆಂಡ್ರೂಸ್ ಬಿಡು, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆರ್ಬ್ರೋತ್‌ಗೆ ಹೋಗು. ಸೇಂಟ್ ಆಂಡ್ರೂಸ್‌ಗೆ ರೈಲಿಲ್ಲ, ಗಾಲ್ಫ್ ಆಡುವವರ ಜೇಬು ನೋಡಿ ಅಲ್ಲಿ ರೂಮಿನ ಬಾಡಿಗೆ ಏರಿಸಿರುತ್ತಾರೆ. ಆರ್ಬ್ರೋತ್ ಅಂಥ ಸಿಂಗಾರದ ಊರಲ್ಲ. ಆದರೆ ಬಂದರು, ಮೀನಿಗೆ ಹೊಗೆ ಹಾಕುವ ಮನೆಗಳು, ಕೆಂಪು ಕಲ್ಲಿನ ಕಡಿದಾದ ದಂಡೆ, ಎಂಟು ಶತಮಾನ ದಾಟಿದ ಮಠ ಎಲ್ಲವೂ ಕಾಲ್ನಡಿಗೆಯಲ್ಲೇ ಸಿಗುತ್ತವೆ. ಪಕ್ಕದ ಡಂಡೀ ನಗರದಿಂದ ಜನ ಅರ್ಧ ದಿನಕ್ಕೆ ಬಂದು, ಒಂದು ಮೀನು ತಿಂದು, ಒಂದು ಫೋಟೋ ಹೊಡೆದು ಓಡುತ್ತಾರೆ. ನೀನು ಹಾಗೆ ಮಾಡಬೇಡ. ಅಲ್ಲಿ ದಿನದ ಕಾರ್ಯಕ್ರಮ ಹಾಕುವುದು ಸಮುದ್ರದ ಉಬ್ಬರ ಇಳಿತ ಮತ್ತು ಮಂಜು. ಎರಡು ರಾತ್ರಿಯಾದರೂ ಇದ್ದರೆ ಅವೆರಡಕ್ಕೂ ಹೊಂದಿಕೊಂಡು ಓಡಾಡಬಹುದು.

ಎಡಿನ್‌ಬರಾ ವೇವರ್ಲಿಯಿಂದ ಅಬರ್ಡೀನ್ ಕಡೆಯ ರೈಲು ಹಿಡಿ, ಸುಮಾರು ಒಂದೂವರೆ ಗಂಟೆ. ಹತ್ತಿದ ಕೂಡಲೇ ರೈಲು ಹೋಗುವ ದಿಕ್ಕಿನ ಬಲಗಡೆ ಕಿಟಕಿ ಹಿಡಿದುಕೊ. ಫೋರ್ತ್ ಸೇತುವೆ ದಾಟಿದ ಮೇಲೆ ಫೈಫ್ ದಂಡೆಯ ಸಮುದ್ರ ಆ ಬದಿಗೇ ಬರುತ್ತದೆ. ಡಂಡೀಗೆ ಮುಂಚಿನ ಟೇ ಸೇತುವೆಯ ಮೇಲೆ ಅದೇ ಬದಿಯಲ್ಲಿ ನೀರಿನಿಂದ ಎದ್ದ ಮೊಂಡು ಕಂಬಗಳ ಸಾಲು ಕಾಣಿಸುತ್ತದೆ. ಅವು 1879ರ ಡಿಸೆಂಬರ್ 28ರ ಬಿರುಗಾಳಿಯಲ್ಲಿ ರೈಲಿನ ಸಮೇತ ಕುಸಿದ ಮೊದಲ ಸೇತುವೆಯ ಬುಡಗಳು. ಡಂಡೀಯಿಂದ ಮುಂದೆ ಇಪ್ಪತ್ತು ನಿಮಿಷ. ಇಲ್ಲಿಯ ರೈಲು ಸಂಸ್ಥೆ ಸ್ಕಾಟ್‌ರೈಲ್‌ನಲ್ಲಿ 2025ರ ಸೆಪ್ಟೆಂಬರ್ 1ರಿಂದ ಪೀಕ್ ದರ (ಜನದಟ್ಟಣೆಯ ಹೊತ್ತಿನ ಹೆಚ್ಚಿನ ದರ) ತೆಗೆದಿದ್ದಾರೆ, ಹಾಗಾಗಿ ಬೆಳಗಿನ ರೈಲಿಗೂ ಹೆಚ್ಚು ಕೊಡಬೇಕಿಲ್ಲ. ನಿಲ್ದಾಣದಿಂದ ಬಂದರಿಗೆ ಕಾಲು ಗಂಟೆಯ ನಡಿಗೆ.

ಬಂದರಿನ ಹತ್ತಿರ ರೂಮು ಹಿಡಿಯುವುದಾದರೆ ಎರಡು ವಿಷಯ ಗೊತ್ತಿರಲಿ. ಜೂನ್‌ನಲ್ಲಿ ಬೆಳಗಿನ ನಾಲ್ಕೂವರೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ, ರಾತ್ರಿ ಹತ್ತರವರೆಗೂ ಬೆಳಕು. ಆ ಬೆಳಕಿನ ಜೊತೆಗೇ ಕಡಲಹಕ್ಕಿಗಳ ಗದ್ದಲವೂ ಶುರು. ದಪ್ಪ ಪರದೆ ಇದೆಯೇ ಅಂತ ಕೇಳಿಯೇ ಬುಕ್ ಮಾಡು. ಸಣ್ಣದೊಂದು ಅಡುಗೆಮನೆ ಇರುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಈಗ ಮುಖ್ಯ ವಿಷಯ, ಸ್ಮೋಕಿ, ಅಂದರೆ ಈ ಊರಿನ ಹೊಗೆ ಹಾಕಿದ ಮೀನು. ಇದು ಹ್ಯಾಡಕ್ ಮೀನು, ಕಾಡ್ ಜಾತಿಗೆ ಸೇರಿದ್ದು, ಬಿಳಿ ಮಾಂಸ. ತಲೆ ತೆಗೆದು, ಹೊಟ್ಟೆ ಸ್ವಚ್ಛ ಮಾಡಿ, ಉಪ್ಪು ಹಾಕಿ ಇಡುತ್ತಾರೆ. ಉಪ್ಪು ನೀರನ್ನು ಎಳೆದು ಮಾಂಸವನ್ನು ಗಟ್ಟಿ ಮಾಡುತ್ತದೆ. ಆಮೇಲೆ ಸರಿಗಾತ್ರದ ಎರಡೆರಡು ಮೀನನ್ನು ಬಾಲದ ಹತ್ತಿರ ಸೆಣಬಿನ ದಾರದಿಂದ ಜೋಡಿ ಕಟ್ಟಿ, ಕೋಲಿನ ಆಚೆಗೊಂದು ಈಚೆಗೊಂದು ಇಳಿಬಿಟ್ಟು ಒಣಗಿಸುತ್ತಾರೆ. ಒಣಗುವಾಗ ಬಾಲ ಕುಗ್ಗಿ ಗಂಟು ಬಿಗಿಯಾಗಬೇಕು. ಉಪ್ಪು ಕಡಿಮೆಯಾದರೆ, ಇಲ್ಲವೇ ಅವಸರಕ್ಕೆ ಹಸಿಯಾಗಿಯೇ ತೂಗುಹಾಕಿದರೆ, ಬಿಸಿ ತಾಗಿದ ಕೂಡಲೇ ಮಾಂಸ ಮೆತ್ತಗಾಗಿ ಮೀನು ಕಳಚಿ ಬೆಂಕಿಗೆ ಬೀಳುತ್ತದೆ. ಕೆಳಗೆ ಪೀಪಾಯಿಯಲ್ಲಿ ಬೀಚ್ ಅಥವಾ ಓಕ್ ಮರದ ಬೆಂಕಿ. ಕೋಲುಗಳನ್ನು ಸಾಲಾಗಿ ಇಟ್ಟು ಮೇಲೆ ಒದ್ದೆ ಗೋಣಿಚೀಲ ಮುಚ್ಚುತ್ತಾರೆ. ಕಸುಬು ಇರುವುದು ಆ ಗೋಣಿಯಲ್ಲೇ. ಚೀಲ ಒಣಗಿತೋ, ಗಾಳಿ ನುಗ್ಗಿ ಜ್ವಾಲೆ ಏಳುತ್ತದೆ, ಮೀನು ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ತೀರಾ ಬಿಗಿಯಾಗಿ ಮುಚ್ಚಿದರೆ ಬೆಂಕಿಯೇ ನಂದುತ್ತದೆ. ಸರಿಯಾಗಿ ನಡೆದರೆ ಬಿಸಿ, ಹಬೆ, ಹೊಗೆ ಮೂರೂ ಸೇರಿ ಒಂದು ಗಂಟೆಯೊಳಗೆ ಮೀನು ಬೆಂದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. (ಪಕ್ಕದ ಡಂಡೀ ಒಂದು ಕಾಲಕ್ಕೆ ಬದುಕಿದ್ದೇ ಬಂಗಾಳದ ಸೆಣಬಿನಿಂದ, ಆದ್ದರಿಂದ ಇಲ್ಲಿ ಗೋಣಿಗೆ ಬರವಿದ್ದಿರಲಾರದು.)

ಈ ಹೆಸರಿಗೆ 2004ರಿಂದ ಕಾನೂನಿನ ರಕ್ಷಣೆ ಇದೆ, ನಿಮ್ಮ ಕಡೆಯ ಮಟ್ಟುಗುಳ್ಳಕ್ಕೆ ಇರುವ ಹಾಗೆ. ಆರ್ಬ್ರೋತ್‌ನ ಸುತ್ತ 8 ಕಿ.ಮೀ. ಒಳಗೆ, ಈ ಕ್ರಮದಲ್ಲೇ ಮಾಡಿದ್ದಕ್ಕೆ ಮಾತ್ರ ಆರ್ಬ್ರೋತ್ ಸ್ಮೋಕಿ ಅನ್ನಬಹುದು. ಮೀನು ಮಾತ್ರ ಈಗ ಈ ಬಂದರಿನದಲ್ಲ. ಇಲ್ಲಿಯ ದೋಣಿಗಳು ಹೆಚ್ಚಾಗಿ ಏಡಿ, ಲಾಬ್‌ಸ್ಟರ್ ಹಿಡಿಯುತ್ತವೆ, ಹ್ಯಾಡಕ್ ಉತ್ತರದ ದೊಡ್ಡ ಬಂದರುಗಳಿಂದ ಬರುತ್ತದೆ. ಅದಕ್ಕೆ ಮೂಗು ಮುರಿಯಬೇಡ, ಇಲ್ಲಿಯದು ಹೊಗೆಯ ಕೈಚಳಕ.

ಬಂದರಿನ ಹಿಂದಿನ ಓಣಿಗಳಲ್ಲಿ ಮೂಗು ಎಳೆದ ಕಡೆ ನಡೆ, ಅಂಗಡಿ ಸಿಗುತ್ತದೆ. ಸ್ಪಿಂಕ್ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಬೋರ್ಡಿನ ಮೇಲೆ ಕಂಡರೆ ಗಲಿಬಿಲಿ ಬೇಡ, ಮೀನುಗಾರರ ಹಳೆಯ ಮನೆತನದ ಹೆಸರದು. ಹಿಂದಿನ ದಿನವೇ ಹೋಗಿ "ಬಿಸಿಯದು ಎಷ್ಟು ಹೊತ್ತಿಗೆ ಇಳಿಯುತ್ತದೆ?" ಅಂತ ಕೇಳಿಕೊ. ಶೀತಪೆಟ್ಟಿಗೆಯ ಮೀನಿಗೂ ಪೀಪಾಯಿಯಿಂದ ಈಗಷ್ಟೇ ಇಳಿದ ಮೀನಿಗೂ ಅಜಗಜಾಂತರ. ಬಿಸಿಯಿದ್ದಾಗ ಕಾಗದದ ಮೇಲೆ ಬೆನ್ನು ಮೇಲಾಗಿ ಇಟ್ಟು, ಹೆಬ್ಬೆರಳಿನಿಂದ ಬೆನ್ನಿನುದ್ದಕ್ಕೂ ಮೆತ್ತಗೆ ಒತ್ತು. ತಿರುಗಿಸಿ, ಹೊಟ್ಟೆಯ ಸೀಳಿನಿಂದ ಅಗಲಿಸು. ತಲೆಯಿದ್ದ ತುದಿಯಿಂದ ನಡುಮುಳ್ಳನ್ನು ಹಿಡಿದು ಬಾಲದ ಕಡೆಗೆ ಎಳೆದರೆ ಇಡಿಯಾಗಿ ಬರುತ್ತದೆ. ತಣ್ಣಗಾದ ಮೀನಿನಲ್ಲಿ ಹೀಗೆ ಎಳೆದರೆ ಮುಳ್ಳು ತುಂಡಾಗಿ ಮಾಂಸದಲ್ಲೇ ಉಳಿಯುತ್ತದೆ. ಬದಿಯ ಸಣ್ಣ ಮುಳ್ಳುಗಳನ್ನು ಬೆರಳಲ್ಲಿ ತಡವಿ ತೆಗೆಯಬೇಕು. ಚರ್ಮ ತಿನ್ನುವುದಿಲ್ಲ. ನಿಂಬೆ, ಸಾಸ್ ಯಾವುದೂ ಬೇಡ. ಒಂದು ಜೋಡಿ ಇಬ್ಬರಿಗೆ ಸಾಕು. ಬೆನ್ನಿಗೆ ಗೋಡೆ ಇರುವ ಜಾಗದಲ್ಲಿ ಕೂತು ತಿನ್ನು, ಕಡಲಹಕ್ಕಿ ಹಿಂದಿನಿಂದ ಬಂದು ಕೈಯಿಂದಲೇ ಕಿತ್ತುಕೊಂಡು ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಸ್ಮೋಕಿ ಬೆಂದ ಮೀನು, ಹಾಗೇ ತಿನ್ನಬಹುದು. ಪಕ್ಕದಲ್ಲೇ ಇಟ್ಟಿರುವ ಫಿನ್ನನ್ ಹ್ಯಾಡಿ, ಹಳದಿ ಬಣ್ಣದ ಹೊಗೆ ಹ್ಯಾಡಕ್ ಇವೆಲ್ಲ ತಣ್ಣನೆಯ ಹೊಗೆಯಲ್ಲಿ ಆದವು, ಒಳಗೆ ಹಸಿಯೇ. ಅವನ್ನು ಬೇಯಿಸಲೇಬೇಕು.

ಅಡುಗೆಮನೆ ಇದ್ದರೆ ರಾತ್ರಿಗೆ ಸೂಪು ಮಾಡು. ಸ್ಕಾಟ್ಲೆಂಡಿನ ಪ್ರಸಿದ್ಧ ಕಲೆನ್ ಸ್ಕಿಂಕ್ ಸೂಪು ಫಿನ್ನನ್ ಹ್ಯಾಡಿಯಿಂದ ಆಗುವುದು, ಆದರೆ ಸ್ಮೋಕಿಯಲ್ಲಿ ಮಾಡಿದ್ದೇ ನನಗೆ ಹೆಚ್ಚು ರುಚಿ. ಇಬ್ಬರಿಗೆ ಒಂದು ಸ್ಮೋಕಿ, 300 ಗ್ರಾಂ ಆಲೂಗಡ್ಡೆ, ಒಂದು ಈರುಳ್ಳಿ, 25 ಗ್ರಾಂ ಬೆಣ್ಣೆ, ಅರ್ಧ ಲೀಟರ್ ಹಾಲು. ಮಾಂಸ ಬಿಡಿಸಿಟ್ಟು, ಚರ್ಮ ಮುಳ್ಳುಗಳನ್ನು ಹಾಲಿಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟು ಸೋಸು. ಹೊಗೆಯ ರುಚಿ ಹಾಲಿಗೆ ಇಳಿಯುವುದು ಆಗಲೇ. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಆಲೂಗಡ್ಡೆ ಹೋಳು ಮುಳುಗುವಷ್ಟು ನೀರು ಹಾಕಿ ಬೇಯಿಸಿ, ಅರ್ಧವನ್ನು ಮಸೆದು, ಹಾಲು ಸೇರಿಸು. ಕುದಿ ಬರಿಸಬೇಡ, ಹಾಲು ಒಡೆಯುತ್ತದೆ. ಮೀನು ಕೊನೆಯ ಎರಡು ನಿಮಿಷಕ್ಕೆ ಮಾತ್ರ, ಮೊದಲೇ ಹಾಕಿದರೆ ನಾರು ನಾರಾಗುತ್ತದೆ. ಉಪ್ಪು ರುಚಿ ನೋಡಿದ ಮೇಲೆ ಹಾಕು, ಬಹುತೇಕ ಬೇಕಾಗುವುದೇ ಇಲ್ಲ. ಬರೀ ಬಿಸಿ ಮಾಡುವುದಾದರೆ ಬೆಣ್ಣೆ ಸವರಿ ಫಾಯಿಲ್‌ನಲ್ಲಿ ಸುತ್ತಿ 180 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ. ಮೈಕ್ರೋವೇವ್‌ಗೆ ಹಾಕಿದರೆ ಮೀನೂ ಒಣಗುತ್ತದೆ, ಮನೆಯೂ ನಾರುತ್ತದೆ.

ಹೊರಗೆ ತಿನ್ನುವಾಗ: ಚಿಪ್ಸ್ ಸಮೇತ ಬೇಕಾದರೆ "ಫಿಶ್ ಸಪ್ಪರ್" ಅನ್ನು, ಅದು ಮಧ್ಯಾಹ್ನವಾದರೂ ಸರಿ. ಬರೀ ಮೀನು ಬೇಕಾದರೆ "ಸಿಂಗಲ್ ಫಿಶ್". ನೀವು ದನದ ಮಾಂಸ ತಿನ್ನದವರು, ಆದ್ದರಿಂದ ಕರಿಯುವುದು ಎಣ್ಣೆಯಲ್ಲೋ ಬೀಫ್ ಡ್ರಿಪ್ಪಿಂಗ್‌ನಲ್ಲೋ ಅಂತ ಕೇಳು. ಇಲ್ಲಿಯ ಹಲವು ಅಂಗಡಿಗಳಲ್ಲಿ ದನದ ಕೊಬ್ಬೇ, ಆಗ ಬರೀ ಚಿಪ್ಸ್ ಕೂಡ ಸಸ್ಯಾಹಾರವಲ್ಲ. ಸಸ್ಯಾಹಾರಿ ಸುಮಾಗೆ ಇದನ್ನು ಮೊದಲೇ ಹೇಳಿಬಿಡು. ಬೇಕರಿಯ ಬ್ರೈಡಿ (ಹೂರಣ ತುಂಬಿದ ಪೇಸ್ಟ್ರಿ) ಬೀಫ್‌ನದು. ಮ್ಯಾಕರೋನಿ ಪೈ ನೋಡಲು ಸಾಧು, ಆದರೆ ಹೊರಗಿನ ಹಿಟ್ಟಿಗೆ ಯಾವ ಕೊಬ್ಬು ಅಂತ ವಿಚಾರಿಸು. ವೆಜಿಟೇರಿಯನ್ ಹ್ಯಾಗಿಸ್ ನಿಜಕ್ಕೂ ಚೆನ್ನಾಗಿರುತ್ತದೆ, ಓಟ್ಸ್, ಬೇಳೆಕಾಳು, ಮೆಣಸು. ಜೂನ್‌ನಿಂದ ಆಗಸ್ಟ್‌ವರೆಗೆ ಹೋದರೆ ಆಂಗಸ್ ಸೀಮೆಯ ಸ್ಟ್ರಾಬೆರಿ, ರಾಸ್ಪ್‌ಬೆರಿ ಬಿಡಬೇಡ.

ನಡಿಗೆಗೆ ಬಂಡೆಯ ದಾರಿ, ಅಂದರೆ ಆ ಕಡಿದಾದ ದಂಡೆಯ ಮೇಲಿನ ಕಾಲುದಾರಿ. ವಿಕ್ಟೋರಿಯಾ ಪಾರ್ಕಿನ ಪೂರ್ವದ ತುದಿ, ವೈಟಿಂಗ್ ನೆಸ್‌ನಿಂದ ಶುರು. ಮೊದಲ ಭಾಗದ ದಾರಿ ಗಟ್ಟಿ, ಹತ್ತುವುದು ಆರಂಭದಲ್ಲಷ್ಟೇ. ಸೂಜಿಗೆ ಕಣ್ಣು ಕೊರೆದಂತೆ ತೂತಾದ "ನೀಡಲ್ಸ್ ಈ" ಎಂಬ ಬಂಡೆ, ಸಮುದ್ರ ಒಳನುಗ್ಗಿ ಕೊರೆದ ಡಿಕ್‌ಮಾಂಟ್ಸ್ ಡೆನ್, ಒಂಟಿಯಾಗಿ ನಿಂತ ಡೀಲ್ಸ್ ಹೀಡ್ ಕಂಬ, ಆಮೇಲೆ ಕಾರ್ಲಿಂಗ್‌ಹ್ಯೂ ಕೊಲ್ಲಿ. ಕಲ್ಲು ಕೆಂಪು ಮರಳುಗಲ್ಲು, ಅಂಚು ಪುಡಿಯಾಗುತ್ತದೆ, ಬೇಲಿ ಎಲ್ಲ ಕಡೆ ಇಲ್ಲ. ಅಂಚಿನಲ್ಲಿ ನಿಂತು ಸೆಲ್ಫಿ ಬೇಡ. ಫುಲ್ಮಾರ್ ಎಂಬ ಕಡಲಹಕ್ಕಿಯ ಗೂಡಿನ ಹತ್ತಿರ ಬಗ್ಗಿ ನೋಡಬೇಡ, ಅದು ಗಬ್ಬು ನಾರುವ ಎಣ್ಣೆಯನ್ನು ಮೈಮೇಲೆ ಉಗಿಯುತ್ತದೆ, ಬಟ್ಟೆ ತೊಳೆದರೂ ವಾಸನೆ ಬಿಡುವುದಿಲ್ಲ. ಕೊಲ್ಲಿಗೆ ಇಳಿದು ಗುಹೆಗಳ ಕಡೆ ಹೋಗುವುದಾದರೆ ನೀರು ಇಳಿಯುತ್ತಿರುವಾಗ ಹೋಗು, ಪೂರ್ತಿ ಇಳಿದ ಹೊತ್ತಿಗೆ ವಾಪಸ್ ತಿರುಗು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ನಿನ್ನೆಯ ವೇಳೆ ಇವತ್ತಿಗೆ ಹೊಂದುವುದಿಲ್ಲ. ಮುಂದೆ ನಡೆದರೆ ಆಕ್‌ಮಿಥಿ ಹಳ್ಳಿ, ಸ್ಮೋಕಿ ಹುಟ್ಟಿದ್ದು ಅಲ್ಲೇ. ಕಾಲು ಒದ್ದೆಯಾಗದಿರಲೆಂದು ಗಂಡಸರನ್ನು ಹೆಂಗಸರೇ ಬೆನ್ನ ಮೇಲೆ ಹೊತ್ತು ದೋಣಿಗೆ ಮುಟ್ಟಿಸುತ್ತಿದ್ದ ಊರು. ಅಲ್ಲಿಂದ ಬಸ್ಸು ವಿರಳ, ಹೊರಡುವ ಮುಂಚೆ ವೇಳೆ ನೋಡಿಕೊ.

ಮಂಜಿಗೆ ಇಲ್ಲಿ ಹಾರ್ ಅನ್ನುತ್ತಾರೆ. ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಮಂಜಾಗಿ, ಮೂಡಣ ಗಾಳಿಗೆ ದಂಡೆಗೆ ಬರುತ್ತದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಯಾವಾಗ ಬೇಕಾದರೂ. ಒಳನಾಡಿನಲ್ಲಿ ಬಿಸಿಲಿದ್ದರೂ ಇಲ್ಲಿ ಹತ್ತು ಮಾರು ಕಾಣದು. ಆ ದಿನ ಬಂಡೆಯ ದಾರಿ ಬಿಟ್ಟು ಮಠಕ್ಕೆ ಹೋಗು. 1178ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ದೊರೆ ಸ್ಥಾಪಿಸಿದ್ದು, ಅವನ ಸಮಾಧಿಯೂ ಅಲ್ಲೇ. 1320ರಲ್ಲಿ ಪೋಪ್‌ಗೆ ಬರೆದ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪತ್ರ ಈ ಮಠದ ಹೆಸರಿನಿಂದಲೇ ಪ್ರಸಿದ್ಧ, ಆದರೆ ಉಳಿದ ಪ್ರತಿ ಎಡಿನ್‌ಬರಾದಲ್ಲಿದೆ. ಅದನ್ನು ಇಲ್ಲಿ ಹುಡುಕಿ ನಿರಾಶರಾಗುವವರು ಬಹಳ.

ಬಂದರಿನ ಪಕ್ಕದ ಸಿಗ್ನಲ್ ಟವರ್ ಮ್ಯೂಸಿಯಂ ಮಠಕ್ಕಿಂತ ಹೆಚ್ಚು ಇಷ್ಟವಾದೀತು. 18 ಕಿ.ಮೀ. ದೂರದಲ್ಲಿ ಉಬ್ಬರಕ್ಕೆ ಪೂರ್ತಿ ಮುಳುಗುವ ಬಂಡೆಯ ಮೇಲೆ ಕಟ್ಟಿದ ಬೆಲ್ ರಾಕ್ ದೀಪಸ್ತಂಭದ ದಡದ ಠಾಣೆ ಅದು. ಇಳಿತದ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತಾ 1807ರಲ್ಲಿ ಶುರುಮಾಡಿ, 1811ರ ಫೆಬ್ರವರಿ 1ರಂದು ದೀಪ ಹಚ್ಚಿದರು. ತೆರೆಯುವ ದಿನಗಳನ್ನು ನೋಡಿಕೊಂಡು ಹೋಗು. ರಾತ್ರಿ ಆಕಾಶ ತಿಳಿಯಾಗಿದ್ದರೆ ದಂಡೆಗೆ ಬಂದು ಆಗ್ನೇಯಕ್ಕೆ ನೋಡು, ಐದು ಸೆಕೆಂಡಿಗೊಮ್ಮೆ ಬಿಳಿ ಮಿಂಚು.

ವಾಪಸ್ ಒಯ್ಯಲು ವ್ಯಾಕ್ಯೂಮ್ ಪ್ಯಾಕ್ ಮಾಡಿಸು, ಬಿಸಿಯಾಗಿದ್ದಾಗ ಅಲ್ಲ, ಪೂರ್ತಿ ಆರಿದ ಮೇಲೆ. ಇಲ್ಲದಿದ್ದರೆ ಒಳಗೆ ನೀರಾಡಿ ಬೇಗ ಕೆಡುತ್ತದೆ. ಬರೀ ಕಾಗದದಲ್ಲಿ ಸುತ್ತಿಕೊಂಡು ರೈಲು ಹತ್ತಿದರೆ ಇಡೀ ಬೋಗಿಗೆ ಗೊತ್ತಾಗುತ್ತದೆ. ತಾರೀಕು ಗೊತ್ತಾದ ಕೂಡಲೇ ತಿಳಿಸು, ಆ ದಿನಗಳ ಇಳಿತದ ವೇಳೆ ನೋಡಿ ಕಳಿಸುತ್ತೇನೆ.

ನಿನ್ನ,
ಶ್ರೀಧರ